ಹಳೇದು ತಂದಿದೀರಾ?

(ತಿಪಟೂರಿನಲ್ಲಿ ಎಲೆಕ್ಟ್ರಿಕಲ್ ಮತ್ತು ಬ್ಯಾಟರಿ ವ್ಯಾಪಾರಿಗಳ ಮುಂದೆ ಅಂಗಡಿಯವರೊಬ್ಬರು ಆಡಿದ ಮಾತಿನ ಬರಹ ರೂಪ)

ನಾನು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಒಂದಿದೆ. ನೀವೂ ಕೇಳುತ್ತೀರಿ. ಕಾರಿಗೋ ಇನ್ವರ್ಟರಿಗೋ ಬ್ಯಾಟರಿ ಬೇಕು ಅಂತ ಗಿರಾಕಿ ಬಂದರೆ ಯಾವ ಕಂಪನಿ, ಎಷ್ಟು ಎ.ಎಚ್. (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಅನ್ನುವುದೆಲ್ಲ ಆಮೇಲೆ. ಬಾಯಿಗೆ ಮೊದಲು ಬರುವುದು 'ಹಳೇದು ತಂದಿದೀರಾ?' ತಂದಿದ್ದರೆ ಒಂದು ರೇಟು, ತರದಿದ್ದರೆ ಇನ್ನೊಂದು. ಗಿರಾಕಿಗೂ ಇದು ಗೊತ್ತು. ಎಷ್ಟೋ ಜನ ಹಳೇದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡೇ ಬರುತ್ತಾರೆ, ಮೊದಲು ಅದಕ್ಕೆ ಬೆಲೆ ಕಟ್ಟಿಸಿ, ಆಮೇಲೆ ಹೊಸದರ ಮಾತಿಗೆ ಬರುತ್ತಾರೆ.

ಅದೇ ಅಂಗಡಿ, ಅದೇ ಕೌಂಟರು. ಟಿವಿ ರಿಮೋಟಿಗೆ ಅಂತ ಒಬ್ಬರು ಎರಡು ಪೆನ್ಸಿಲ್ ಸೆಲ್ ಕೇಳುತ್ತಾರೆ. ಕೊಡುತ್ತೇನೆ, ದುಡ್ಡು ತಗೊಳ್ಳುತ್ತೇನೆ, ಚಿಲ್ಲರೆ ಇಲ್ಲದಿದ್ದರೆ ಚಾಕಲೇಟು ಕೊಡುತ್ತೇನೆ. ಮೂವತ್ತು ವರ್ಷದಲ್ಲಿ ಒಬ್ಬರನ್ನಾದರೂ 'ಹಳೇ ಸೆಲ್ ತಂದಿದೀರಾ' ಅಂತ ಕೇಳಿದ್ದು ನೆನಪಿಲ್ಲ. ಇವತ್ತಿನ ನನ್ನ ಮಾತು ಈ ಎರಡು ಗಿರಾಕಿಗಳ ನಡುವಿನ ಅಂತರದ ಬಗ್ಗೆ. ಒಬ್ಬರನ್ನು ಕೇಳುವುದು ಯಾಕೆ, ಇನ್ನೊಬ್ಬರನ್ನು ಕೇಳದಿರುವುದು ಯಾಕೆ, ಮತ್ತು ಈ ವಿಷಯದಲ್ಲಿ ಕಾನೂನು ನಮ್ಮಂಥ ಅಂಗಡಿಯವರಿಗೆ ಏನು ಹೇಳಿತ್ತು, ಈಗ ಏನು ಹೇಳುತ್ತಿದೆ.

ಹಳೇ ಬ್ಯಾಟರಿಗೆ ದುಡ್ಡು ಬಿಡುವುದು ವ್ಯಾಪಾರದ ರೂಢಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದು ಕಾನೂನೂ ಆಗಿತ್ತು. 2001ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಬ್ಯಾಟರಿಗಳ ನಿರ್ವಹಣೆಯ ನಿಯಮಗಳನ್ನು ತಂದಿತು. ಅದು ಸೀಸ-ಆಮ್ಲದ, ಅಂದರೆ ಲೆಡ್ ಆಸಿಡ್ ಬ್ಯಾಟರಿಗೆ ಮಾತ್ರ. ಅದರಲ್ಲಿ ಡೀಲರ್ ಏನೇನು ಮಾಡಬೇಕು ಅಂತ ಬೇರೆಯಾಗಿಯೇ ಬರೆದಿದ್ದರು. ಹೊಸದನ್ನು ಮಾರಿದಾಗ ಹಳೇದನ್ನು ವಾಪಸ್ ಪಡೆಯಬೇಕು. ವಾಪಸ್ ಕೊಟ್ಟವರಿಗೆ ತಕ್ಕ ರಿಯಾಯಿತಿ ಕೊಡಬೇಕು. ತೆಗೆದುಕೊಂಡ ಹಳೇದು ಮಾರಿದ ಹೊಸದರ ನಮೂನೆಯದೇ ಆಗಿರಬೇಕು, ಅಂದರೆ ಲಾರಿ ಬ್ಯಾಟರಿ ಮಾರಿ ಬೈಕಿನ ಬ್ಯಾಟರಿ ತಗೊಂಡು ಲೆಕ್ಕ ತೋರಿಸುವ ಹಾಗಿಲ್ಲ. ಒಟ್ಟಾದದ್ದನ್ನು ಕಂಪನಿಯ ಸಂಗ್ರಹ ಕೇಂದ್ರಕ್ಕೋ ನೋಂದಾಯಿತ ಮರುಬಳಕೆ ಘಟಕಕ್ಕೋ ಸುರಕ್ಷಿತವಾಗಿ ಮುಟ್ಟಿಸಬೇಕು. ಇಷ್ಟಕ್ಕೂ ಆರು ತಿಂಗಳಿಗೊಮ್ಮೆ ಲೆಕ್ಕ, ಮೇ 31ರೊಳಗೆ ಒಂದು, ನವೆಂಬರ್ 30ರೊಳಗೆ ಇನ್ನೊಂದು, ಫಾರಂ ಐದರಲ್ಲಿ ಕಂಪನಿಗೆ ಕೊಡಬೇಕು. ಮಾರಿದ ಸಂಖ್ಯೆಯಲ್ಲಿ ಮೊದಲ ವರ್ಷ ಶೇ 50, ಎರಡನೇ ವರ್ಷ ಶೇ 75, ಮೂರನೇ ವರ್ಷದಿಂದ ಶೇ 90 ಹಳೇದು ವಾಪಸ್ ಬರಬೇಕು ಅಂತ ಗುರಿ.

ಈ ಸಭೆಯಲ್ಲಿ ಫಾರಂ ಐದು ತುಂಬಿದವರು ಯಾರಿದ್ದೀರಿ, ಕೈ ಎತ್ತಿ ಅಂದಾಗ ಮೂರು ಕೈ ಕಂಡವು. ಪರವಾಗಿಲ್ಲ. ನಾನೂ ಮೊದಲ ನಾಲ್ಕೈದು ವರ್ಷ ತುಂಬಿದವನಲ್ಲ. ಕಂಪನಿಯ ಹುಡುಗ ಒಂದು ಹಾಳೆ ತಂದು 'ಇಲ್ಲೊಂದು ಸೈನ್ ಹಾಕಿ ಅಣ್ಣ' ಅಂತಿದ್ದ, ಹಾಕುತ್ತಿದ್ದೆ. ಅದೇ ಫಾರಂ ಐದು ಅಂತ ಗೊತ್ತಾದದ್ದು ಬಹಳ ತಡವಾಗಿ.

ಹಾಗಾದರೆ ಹಳೇ ಬ್ಯಾಟರಿ ಊರಲ್ಲಿ ಎಲ್ಲೂ ಬಿದ್ದಿಲ್ಲವಲ್ಲ, ಕಾನೂನು ಗೆದ್ದಿತೇ? ಇಲ್ಲಿ ನಾವು ತಿಪಟೂರಿನವರು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತೇವೆ. ತೆಂಗಿನಲ್ಲಿ ಬಿಸಾಡುವುದು ಏನಿದೆ ಹೇಳಿ. ಕೊಬ್ಬರಿಗೆ ಒಬ್ಬ, ಚಿಪ್ಪಿಗೆ ಒಬ್ಬ, ಸಿಪ್ಪೆಗೆ ಇನ್ನೊಬ್ಬ. ತೋಟದಲ್ಲಿ ಚಿಪ್ಪು ಬಿದ್ದಿದ್ದರೆ ಅದು ಕಸ ಅಂತ ಯಾರೂ ಅನ್ನುವುದಿಲ್ಲ, ವ್ಯಾಪಾರಿ ಇನ್ನೂ ಬಂದಿಲ್ಲ ಅಂತಾರೆ. ಲೆಡ್ ಆಸಿಡ್ ಬ್ಯಾಟರಿಯೂ ಹಾಗೇ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಇನ್ವರ್ಟರಿನ 150 ಎ.ಎಚ್. ಟ್ಯೂಬ್ಯುಲರ್ ಬ್ಯಾಟರಿಯನ್ನು ಇಬ್ಬರು ಹಿಡಿದು ಎತ್ತಬೇಕು, ನೀರು ತುಂಬಿದ್ದರೆ 60 ಕೆಜಿ ಹತ್ತಿರ ತೂಗುತ್ತದೆ. ಅಷ್ಟು ಸೀಸವನ್ನು ಯಾರು ಬೀದಿಗೆ ಎಸೆಯುತ್ತಾರೆ? ಹಳೇದು ಕೌಂಟರಿಗೆ ಬಂದದ್ದರಲ್ಲಿ ಕಾನೂನಿಗೆ ಸ್ವಲ್ಪ ಪಾಲಿದೆ, ಸೀಸದ ಬೆಲೆಗೆ ಬಹಳ ಪಾಲಿದೆ.

ಕೌಂಟರಿನಿಂದ ಮುಂದೆ ಎಲ್ಲಿಗೆ ಹೋಯಿತು ಅನ್ನುವಲ್ಲಿ ಕಾನೂನು ಸೋತಿತು. ನೋಂದಾಯಿತ ಘಟಕದವರಿಗೆ ಹೊಗೆ ಹಿಡಿಯುವ ಯಂತ್ರ, ಆಮ್ಲ ಶುದ್ಧ ಮಾಡುವ ತೊಟ್ಟಿ, ಕೆಲಸಗಾರರ ರಕ್ತ ಪರೀಕ್ಷೆ, ಬಿಲ್ಲು, ತೆರಿಗೆ ಎಲ್ಲ ಇರುತ್ತದೆ. ಊರಾಚೆ ಶೆಡ್ಡಿನಲ್ಲಿ ಕುಲುಮೆ ಇಟ್ಟುಕೊಂಡವನಿಗೆ ಅದ್ಯಾವುದೂ ಇಲ್ಲ. ಹಾಗಾಗಿ ಅವನು ಕೆಜಿಗೆ ಎರಡು ರೂಪಾಯಿ ಜಾಸ್ತಿ ಕೊಡಬಲ್ಲ. ಅವನ ಪರವಾಗಿ ಟೆಂಪೊದಲ್ಲಿ ಬರುವವನು ಅಂಗಡಿ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತು. 'ನೀರು ಚೆಲ್ಲಿದೀರಾ ಅಣ್ಣಾ?' ಅವನಿಗೆ ಸೀಸ ಬೇಕು, ಆಸಿಡ್ ನೀರು ಹೊತ್ತುಕೊಂಡು ಹೋಗುವುದು ಬೇಡ. ಚೆಲ್ಲಿದ್ದರೆ ಒಂದು ರೇಟು, ಚೆಲ್ಲದಿದ್ದರೆ ತೂಕದಲ್ಲಿ ಕಡಿತ.

ಇದನ್ನು ಬೇರೆಯವರ ಕಥೆಯಾಗಿ ಹೇಳುವ ಯೋಗ್ಯತೆ ನನಗಿಲ್ಲ. ಅಂಗಡಿ ಇಟ್ಟ ಹೊಸದರಲ್ಲಿ ನಮ್ಮಲ್ಲೂ ಚೆಲ್ಲುತ್ತಿದ್ದೆವು. ಕೆಲಸದ ಹುಡುಗ ಸಂಜೆ ಹೊತ್ತು ಹಿಂದಿನ ಚರಂಡಿಗೆ ಬಗ್ಗಿಸಿ ಬರುತ್ತಿದ್ದ. ಸಿಮೆಂಟಿನ ಮೇಲೆ ಬಿದ್ದ ಕಡೆ ಬುರುಗು ಬುರುಗಾಗಿ ನೊರೆ ಏಳುತ್ತಿತ್ತು. ಒಂದೆರಡು ವರ್ಷದಲ್ಲಿ ಚರಂಡಿಯ ಗಾರೆಯೆಲ್ಲ ಕಿತ್ತುಹೋಗಿ ಜಲ್ಲಿಕಲ್ಲು ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯ ಅಜ್ಜಿ ಚರಂಡಿ ಅಂಚಿಗೆ ಬಸಳೆ ಹಬ್ಬಿಸಿದ್ದರು, ಅದು ಬುಡದಿಂದ ಒಣಗಿತು. ಅಜ್ಜಿ ಬಂದು ಬೈದದ್ದು ಬಸಳೆಗಾಗಿ. ಆಸಿಡ್ ಜೊತೆಗೆ ಹೋದ ಸೀಸದ ಪುಡಿಯ ವಿಷಯ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೀರಿನಲ್ಲಿ ಬೆರೆತ ಸೀಸ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಇದ್ದರೆ ತೊಂದರೆಯಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹುಡುಗ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ತನ್ನ ಮಗುವನ್ನು ಎತ್ತಿಕೊಳ್ಳುತ್ತಿದ್ದ.

ಈಗ 2022ಕ್ಕೆ ಬರೋಣ. ಆ ವರ್ಷ ಆಗಸ್ಟ್‌ನಲ್ಲಿ ಹಳೇ ನಿಯಮ ರದ್ದಾಗಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಇದು ದೊಡ್ಡ ಬದಲಾವಣೆ. ಲೆಡ್ ಆಸಿಡ್ ಮಾತ್ರ ಅಲ್ಲ, ಎಲ್ಲ ಬಗೆಯ ಬ್ಯಾಟರಿಯೂ ಒಳಗೆ ಬಂತು. ಗಾಡಿಯದು, ಕಾರ್ಖಾನೆಯದು, ಎಲೆಕ್ಟ್ರಿಕ್ ವಾಹನದ್ದು, ಮತ್ತೆ 5 ಕೆಜಿಗಿಂತ ಕಡಿಮೆ ತೂಗುವ, ಸೀಲಾದ, ಕೈಯಲ್ಲಿ ಹಿಡಿಯಬಹುದಾದ ಸಣ್ಣವು. ನಮ್ಮ ಪೆನ್ಸಿಲ್ ಸೆಲ್ಲು ಕೊನೆಗೂ ಕಾನೂನಿನ ಕಣ್ಣಿಗೆ ಬಿತ್ತು. ಹೊಣೆ ಬಿದ್ದದ್ದು ಉತ್ಪಾದಕರ ಮೇಲೆ. ಅವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ತಾವು ಮಾರುಕಟ್ಟೆಗೆ ಬಿಟ್ಟದ್ದಕ್ಕೆ ತಕ್ಕಷ್ಟು ಹಳೇದು ಮರುಬಳಕೆ ಆಗಿದೆ ಅಂತ ಪ್ರಮಾಣಪತ್ರ ತೋರಿಸಬೇಕು. ಇಪಿಆರ್, ಅಂದರೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಅಂತ ಕರೆಯುತ್ತಾರಲ್ಲ, ಅದು.

ಡೀಲರ್ ಕಥೆ ಏನಾಯಿತು? ಈ ನಿಯಮ ಯಾರ್ಯಾರಿಗೆ ಅನ್ವಯಿಸುತ್ತದೆ ಅನ್ನುವ ಸಾಲಿನಲ್ಲಿ ಡೀಲರ್ ಅನ್ನುವ ಪದ ಇದೆ. ಉತ್ಪಾದಕರಿಗೆ, ಬಳಕೆದಾರರಿಗೆ, ಮರುಬಳಕೆ ಘಟಕಕ್ಕೆ ಇಂತಿಂಥ ಕೆಲಸ ಅಂತ ಬೇರೆ ಬೇರೆ ಬರೆದಿದ್ದಾರೆ. 2001ರಲ್ಲಿ ಇದ್ದ ಹಾಗೆ ಡೀಲರಿಗೆ ಅಂತಲೇ ಬರೆದ ಪಟ್ಟಿ ಮಾತ್ರ ಇಲ್ಲ. ಮದುವೆ ಕರೆಯೋಲೆಯಲ್ಲಿ ಹೆಸರಿದೆ, ಊಟಕ್ಕೆ ಎಲೆ ಹಾಕಿಲ್ಲ ಅನ್ನುವ ಹಾಗೆ. ಹಾಗಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಳೇ ಬ್ಯಾಟರಿಯನ್ನು ಗಿರಾಕಿಯಿಂದ ತೆಗೆದುಕೊಂಡ ಕ್ಷಣ ನೀವು ಸಂಗ್ರಹಿಸುವವರ ಸಾಲಿಗೆ ಸೇರುತ್ತೀರಿ. ಸಂಗ್ರಹಿಸಿದವರು ಅದನ್ನು ನೋಂದಾಯಿತ ದಾರಿಯಲ್ಲೇ ಮುಂದೆ ಕಳಿಸಬೇಕು. ಟೆಂಪೊದವನು ನೋಂದಾಯಿತನಲ್ಲ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ, ಯಾಕೆಂದರೆ ನಮ್ಮವರು ಬಹಳ ಜನ ಎಡವುವುದು ಇಲ್ಲೇ. ಉತ್ಪಾದಕ ಅಂದರೆ ಕಾರ್ಖಾನೆ ಇಟ್ಟವನು ಅಂತ ನಾವು ಅಂದುಕೊಳ್ಳುತ್ತೇವೆ. ಕಾನೂನಿನ ವ್ಯಾಖ್ಯೆ ಹಾಗಿಲ್ಲ. ಬೇರೆಯವರು ತಯಾರಿಸಿದ ಬ್ಯಾಟರಿಯನ್ನು ಸ್ವಂತ ಬ್ರಾಂಡಿನಲ್ಲಿ ಮಾರಿದರೂ ನೀವು ಉತ್ಪಾದಕ. ಬ್ಯಾಟರಿಯನ್ನು, ಅಥವಾ ಬ್ಯಾಟರಿ ಇರುವ ಸಾಮಾನನ್ನು ಆಮದು ಮಾಡಿಕೊಂಡರೂ ಉತ್ಪಾದಕ. ನನಗೆ ಗೊತ್ತಿರುವ ಒಬ್ಬರು, ಊರು ಬೇಡ, ಹೆಸರೂ ಬೇಡ, ಇನ್ವರ್ಟರ್ ಬ್ಯಾಟರಿಗಳನ್ನು ಸಗಟಿನಲ್ಲಿ ತರಿಸಿ, ಮಗಳ ಹೆಸರಿನ ಸ್ಟಿಕ್ಕರ್ ಹೊಡೆಸಿ ಅಂಟಿಸಿ ಮಾರುತ್ತಿದ್ದರು. ಚೆನ್ನಾಗಿ ಓಡಿತು ಕೂಡ. 'ನಾನು ಬರೀ ಅಂಗಡಿಯವನು, ನನಗ್ಯಾಕೆ ರಿಜಿಸ್ಟ್ರೇಷನ್ನು' ಅಂತ ನನ್ನ ಜೊತೆ ವಾದಕ್ಕೆ ಬಂದರು. ಸ್ಟಿಕ್ಕರ್ ಅಂಟಿಸಿದ ದಿನವೇ ಅವರು ಅಂಗಡಿಯವರಾಗಿ ಉಳಿದಿರಲಿಲ್ಲ. ದೊಡ್ಡ ಕಂಪನಿ ಮಾಡಬೇಕಾದದ್ದನ್ನೆಲ್ಲ ಅವರೂ ಮಾಡಬೇಕು, ಮಾಡದಿದ್ದರೆ ಪರಿಸರ ಪರಿಹಾರ ಅಂತ ದಂಡ ಕಟ್ಟಬೇಕು.

ಇದೇ ಮಾತು ಎಲೆಕ್ಟ್ರಾನಿಕ್ ಸಾಮಾನಿಗೂ ಹೊಂದುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿ ಭಾಗ ತಂದು ಜೋಡಿಸಿ ಸ್ವಂತ ಹೆಸರಲ್ಲಿ ಟಿವಿ ಮಾರುವವರು, ವಿದೇಶದಿಂದ ನೇರವಾಗಿ ಸಾಮಾನು ತರಿಸಿ ಮಾರುವವರು, ಇ-ತ್ಯಾಜ್ಯ, ಅಂದರೆ ಎಸೆದ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಸಾಮಾನಿನ ನಿಯಮದ ಪ್ರಕಾರ ಉತ್ಪಾದಕರೇ. ಡೀಲರ್, ರೀಟೇಲರ್, ಆನ್‌ಲೈನ್ ಮಾರಾಟಗಾರ, ಯಾವ ವಿಧಾನದಲ್ಲಿ ಮಾರಿದರೂ ಸರಿ ಅಂತ ವ್ಯಾಖ್ಯೆಯಲ್ಲೇ ಬರೆದಿದ್ದಾರೆ. ಒಂದೇ ಸಮಾಧಾನ ಅಂದರೆ ಇ-ತ್ಯಾಜ್ಯ ನಿಯಮದಲ್ಲಿ ಸೂಕ್ಷ್ಮ ಉದ್ಯಮಗಳಿಗೆ ವಿನಾಯಿತಿ ಇದೆ. ಬ್ಯಾಟರಿ ನಿಯಮದಲ್ಲಿ ಆ ವಿನಾಯಿತಿ ಇಲ್ಲ. ಒಂದನ್ನು ಓದಿಕೊಂಡು ಇನ್ನೊಂದಕ್ಕೂ ಹೀಗೇ ಇರುತ್ತದೆ ಅಂತ ಕೂರಬೇಡಿ.

ಇ-ತ್ಯಾಜ್ಯದ ಮಾತು ಬಂತಲ್ಲ, ಅದರಲ್ಲಿ ನಮ್ಮ ಜಾತಕ ಇನ್ನೂ ವಿಚಿತ್ರ. ಈ ಕ್ಷೇತ್ರದಲ್ಲಿ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ದೇಶದಲ್ಲಿ ಸರ್ಕಾರದ ಅಧಿಕೃತ ಮಾನ್ಯತೆ ಪಡೆದ ಮೊದಲ ಇ-ತ್ಯಾಜ್ಯ ಘಟಕ ಇ-ಪರಿಸರ 2005ರಲ್ಲಿ ಶುರುವಾದದ್ದು ನಮ್ಮ ತುಮಕೂರು ದಾರಿಯ ದಾಬಸ್‌ಪೇಟೆಯಲ್ಲೇ. ಆಗ ದೇಶದಲ್ಲಿ ಇ-ತ್ಯಾಜ್ಯಕ್ಕೆ ಅಂತಲೇ ಒಂದು ಕಾನೂನು ಇರಲಿಲ್ಲ. ಮೊದಲ ನಿಯಮ 2011ರದ್ದು, ಜಾರಿಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಅದರಲ್ಲೂ ಅಂಗಡಿಯವನ ಹೊಣೆ ಅಂತ ಪ್ರತ್ಯೇಕವಾಗಿ ಇರಲಿಲ್ಲ. 2016ರ ನಿಯಮದಲ್ಲಿ ಡೀಲರ್ ಬಂದ. ಉತ್ಪಾದಕರು ಜವಾಬ್ದಾರಿ ಕೊಟ್ಟಿದ್ದರೆ ಅಂಗಡಿಯಲ್ಲಿ ಒಂದು ಪೆಟ್ಟಿಗೆ, ತೊಟ್ಟಿ ಅಥವಾ ಗುರುತು ಹಾಕಿದ ಜಾಗ ಇಡಬೇಕು. ಠೇವಣಿ ವಾಪಸ್ ಯೋಜನೆ ಇದ್ದರೆ ಹಳೇದು ತಂದವರಿಗೆ ಆ ದುಡ್ಡು ಕೊಡಬೇಕು. ಬಂದದ್ದನ್ನು ಅಧಿಕೃತ ಘಟಕಕ್ಕೆ ಕಳಿಸಬೇಕು. ಆ ನಿಯಮ 2016ರ ಅಕ್ಟೋಬರ್ 1ಕ್ಕೆ ಶುರುವಾಗಿ 2023ರ ಮಾರ್ಚ್ 31ಕ್ಕೆ ಮುಗಿಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮದಲ್ಲಿ ನೋಂದಾಯಿಸಿಕೊಳ್ಳಬೇಕಾದವರು ತಯಾರಕ, ಉತ್ಪಾದಕ, ದುರಸ್ತಿ ಮಾಡಿ ಮಾರುವವ, ಮರುಬಳಕೆದಾರ, ಇಷ್ಟೇ. ಡೀಲರ್ ಹೋದ. ಸಂಗ್ರಹ ಕೇಂದ್ರವೂ ಹೋಯಿತು. ಬರೀ ಆರೂವರೆ ವರ್ಷದ ಆಯಸ್ಸು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಯಾಕೆ ತೆಗೆದರು? ದಾರಿ ಸರಳ ಆಗಲಿ ಅಂತ ಇರಬೇಕು. ಯಾರು ಎಲ್ಲಿಂದ ತಂದರು ಅಂತ ಕೇಳುವುದು ಬೇಡ, ಘಟಕದಲ್ಲಿ ಕೊನೆಗೆ ಎಷ್ಟು ಲೋಹ ಹೊರಬಂತು ಅಂತ ನೋಡೋಣ ಅನ್ನುವ ಲೆಕ್ಕ. ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ, ಈ ನಾಲ್ಕು ಲೋಹಗಳ ಲೆಕ್ಕದ ಮೇಲೆ ಪ್ರಮಾಣಪತ್ರ ಹುಟ್ಟುತ್ತದೆ, ಕಂಪನಿಗಳು ಅದನ್ನು ಕೊಳ್ಳುತ್ತವೆ. ಪಟ್ಟಿಯೇನೋ ದೊಡ್ಡದಾಯಿತು. ಮೊದಲು 21 ಬಗೆಯ ಸಾಮಾನು ಇತ್ತು, ಈಗ 106. ನನ್ನ ತಕರಾರು ಇಷ್ಟೇ. ಲೋಹ ಜಾಸ್ತಿ ಇರುವ ಸಾಮಾನು ಹೇಗಿದ್ದರೂ ಬರುತ್ತದೆ, ಸೀಸದ ಬ್ಯಾಟರಿ ಬಂದ ಹಾಗೆ. ಕೆಟ್ಟ ಸೊಳ್ಳೆ ಬ್ಯಾಟು, ಎಲ್‌ಇಡಿ ಬಲ್ಬು, ಮಕ್ಕಳ ಆಟದ ಕಾರು, ಇವಕ್ಕೆ ಯಾವ ಗುಜರಿಯವನು ಬಾಗಿಲು ತಟ್ಟುತ್ತಾನೆ? ಅದನ್ನು ವಾಪಸ್ ತರಿಸಬಲ್ಲ ಒಂದೇ ಜಾಗ ಅದನ್ನು ಮಾರಿದ ಕೌಂಟರು. ಆ ಕೌಂಟರನ್ನೇ ಕಾನೂನು ಬಿಟ್ಟುಕೊಟ್ಟಿತು.

ಆಯುಧಪೂಜೆ, ದೀಪಾವಳಿಗೆ ಎಕ್ಸ್‌ಚೇಂಜ್ ಆಫರ್ ಹಾಕುತ್ತೇವಲ್ಲ, ಆ ಬೋರ್ಡು ನೋಡಿದಾಗ ನನಗೆ ನಗು ಬರುತ್ತದೆ. ಹಳೇ ಫ್ರಿಜ್ ಕೊಡಿ, ಎರಡು ಸಾವಿರ ಬಿಡ್ತೀವಿ. ಒಳ್ಳೇದೇ. ಆ ಫ್ರಿಜ್ ಮನೆಯಿಂದ ಇಳಿದು ಎಲ್ಲಿಗೆ ಹೋಗುತ್ತದೆ? ಓಡುವಂಥದ್ದಾದರೆ ಹಾಸ್ಟೆಲಿಗೋ ಟೀ ಅಂಗಡಿಗೋ. ಓಡದ್ದಾದರೆ ಹಿಂದಿನ ಕೊಳವೆಯನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸುತ್ತಾರೆ, ಬುಸ್ ಅಂತ ಒಂದು ಸದ್ದು, ಅಷ್ಟೇ. ಆಮೇಲೆ ಕಂಪ್ರೆಸರು, ತಾಮ್ರ. ಆ ಬುಸ್ ಅಂದದ್ದು ಫ್ರಿಜ್ಜನ್ನು ತಂಪು ಮಾಡುವ ಆರ್-134ಎ ಅನಿಲ ಆಗಿದ್ದರೆ ಭೂಮಿ ಬಿಸಿ ಮಾಡುವುದರಲ್ಲಿ ಅದರ ಒಂದು ಕೆಜಿ, ಇಂಗಾಲದ ಡೈ ಆಕ್ಸೈಡಿನ ಸಾವಿರಕ್ಕೂ ಹೆಚ್ಚು ಕೆಜಿಗೆ ಸಮ. ಎರಡು ಸಾವಿರ ಬಿಟ್ಟುಕೊಟ್ಟ ನಾವು ಆ ಸದ್ದು ಕೇಳುವಷ್ಟು ಹತ್ತಿರ ಯಾವತ್ತೂ ನಿಂತಿರುವುದಿಲ್ಲ.

ಸ್ವಲ್ಪ ದೂರ ಹೋಗಿ ಬರೋಣ. ಮಗಳು, ಅಳಿಯ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾರೆ. ಎರಡು ತಿಂಗಳು ಇದ್ದು ಬಂದೆ. ಬೇರೆಯವರು ಅರಮನೆ ನೋಡಿದರೆ ನಾನು ಅಂಗಡಿ ನೋಡಿದೆ, ಕಸುಬಿನ ಚಟ. ಅಲ್ಲಿ ದಿನಸಿ ಸೂಪರ್‌ಮಾರ್ಕೆಟ್ಟಿನ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕೊಳವೆಯಂಥ ಡಬ್ಬ, ಒಳಗೆ ಹಳೇ ಸೆಲ್ಲುಗಳು ಕಾಣುತ್ತವೆ. ಯಾರು ಬೇಕಾದರೂ ಹಾಕಬಹುದು, ಏನೂ ಕೊಳ್ಳಬೇಕಾಗಿಲ್ಲ. ಇದೇನು ಸಮಾಜಸೇವೆ ಅಂದೆ. ಅಳಿಯ 'ಸೇವೆ ಅಲ್ಲ ಮಾವ, ಕಾನೂನು' ಅಂದ. 2010ರ ಫೆಬ್ರವರಿ 1ರಿಂದ ಅಲ್ಲಿ ನಿಯಮ ಹೀಗಿದೆ. ವರ್ಷಕ್ಕೆ 32 ಕೆಜಿಗಿಂತ ಹೆಚ್ಚು ಸಣ್ಣ ಬ್ಯಾಟರಿ ಮಾರುವ ಅಂಗಡಿ ಹಳೇದನ್ನು ಪುಕ್ಕಟೆ ವಾಪಸ್ ತೆಗೆದುಕೊಳ್ಳಲೇಬೇಕು. ತಾನು ಮಾರಿದ ಕಂಪನಿಯದೇ ಆಗಬೇಕು ಅಂತಿಲ್ಲ, ತಾನು ಮಾರದ ನಮೂನೆಯದಾದರೂ ಬೇಡ ಅನ್ನುವ ಹಾಗಿಲ್ಲ. 32 ಕೆಜಿ ಅಂದರೆ ಭಾರಿ ಅಂದುಕೊಳ್ಳಬೇಡಿ. ನಾಲ್ಕು ಪೆನ್ಸಿಲ್ ಸೆಲ್ಲಿನ ಒಂದು ಪ್ಯಾಕು ದಿನಕ್ಕೆ ಮಾರಿದರೆ ವರ್ಷದ ಕೊನೆಗೆ ಅಷ್ಟಾಗುತ್ತದೆ. ಮುಖ್ಯ ಮಾತು ಇನ್ನೊಂದಿದೆ. ಡಬ್ಬ ತುಂಬಿದ ಮೇಲೆ ಅಂಗಡಿಯವನು ಅದನ್ನು ಹೊತ್ತುಕೊಂಡು ತಿರುಗಬೇಕಾಗಿಲ್ಲ. ಬ್ಯಾಟರಿ ಕಂಪನಿಗಳ ದುಡ್ಡಿನಲ್ಲಿ ನಡೆಯುವ ಸಂಸ್ಥೆಗಳು ಬಂದು ಪುಕ್ಕಟೆ ಒಯ್ಯುತ್ತವೆ.

ವಿದ್ಯುತ್ ಸಾಮಾನಿಗೆ ಬೇರೆ ಕಾನೂನು. ಹೊಸ ಕೆಟಲ್ ಮಾರಿದರೆ ಹಳೇ ಕೆಟಲ್ ವಾಪಸ್ ತಗೋಬೇಕು, ಯಾವ ಕಂಪನಿಯದಾದರೂ ಸರಿ, ಎಲ್ಲಿ ಕೊಂಡದ್ದಾದರೂ ಸರಿ, ಮಾಡುವ ಕೆಲಸ ಒಂದೇ ಆಗಿರಬೇಕು. ಆನ್‌ಲೈನಿನಲ್ಲಿ ಮಾರುವವರಿಗೂ ಇದೇ. ಮನೆಗೆ ಬಂದು ಒಯ್ಯುವುದಕ್ಕೆ ಬಾಡಿಗೆ ತಗೋಬಹುದು, ವಿಲೇವಾರಿ ಮಾಡುವುದಕ್ಕೆ ಅಂತ ದುಡ್ಡು ಕೇಳುವ ಹಾಗಿಲ್ಲ. ಎಲೆಕ್ಟ್ರಿಕಲ್ ಸಾಮಾನಿಗೇ 400 ಚದರ ಮೀಟರಿಗಿಂತ ಹೆಚ್ಚು ಜಾಗ ಇರುವ ಮಳಿಗೆಯಾದರೆ, 25 ಸೆಂಟಿಮೀಟರಿಗಿಂತ ಚಿಕ್ಕ ಹಳೇ ಸಾಮಾನನ್ನು ಏನೂ ಕೊಳ್ಳದವರಿಂದಲೂ ತಗೋಬೇಕು. ನಾಲ್ಕು ವರ್ಷದ ಲೆಕ್ಕ ಇಟ್ಟಿರಬೇಕು. ಈ ಸೌಲಭ್ಯ ಇದೆ ಅಂತ ಗಿರಾಕಿಗೆ ಬರಹದಲ್ಲಿ ತಿಳಿಸಬೇಕು.

ಅಲ್ಲೆಲ್ಲ ರಾಮರಾಜ್ಯ ಅಂತ ಹೇಳಲು ಬಂದಿಲ್ಲ. ಮಗಳ ಮನೆಯ ಕೆಟ್ಟ ಕೆಟಲನ್ನು ಚೀಲದಲ್ಲಿಟ್ಟುಕೊಂಡು ಒಂದು ದೊಡ್ಡ ಅಂಗಡಿಗೆ ಹೋದೆವು. ಹೊಸದು ಕೊಂಡು ಹಳೇದನ್ನು ಮುಂದಿಟ್ಟರೆ ಕೌಂಟರಿನ ಹುಡುಗಿ ಅದನ್ನು ರಿಪೇರಿಗೆ ತಂದದ್ದು ಅಂದುಕೊಂಡಳು. ಅಳಿಯ ವಿವರಿಸಿದ, ಅವಳಿಗೆ ಗೊತ್ತಿಲ್ಲ. ಮ್ಯಾನೇಜರ್ ಬಂದ, ಅವನಿಗೆ ಗೊತ್ತಿತ್ತು, ಆದರೆ ಎಲ್ಲಿಡಬೇಕು ಅಂತ ಗೊತ್ತಿರಲಿಲ್ಲ. ಕೊನೆಗೆ ಮೆಟ್ಟಿಲ ಕೆಳಗಿದ್ದ ಒಂದು ಪೆಟ್ಟಿಗೆ ಎಳೆದು ಅದರಲ್ಲಿ ಹಾಕಿದ. ಇಪ್ಪತ್ತು ನಿಮಿಷ ಆಯಿತು. ಹಿಂದೆ ನಿಂತಿದ್ದವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಲ್ಲಿನ ಸಣ್ಣ ಅಂಗಡಿಗಳಿಗೆ ಇನ್ನೊಂದು ದಾರಿ ಇದೆ. ವರ್ಷಕ್ಕೆ 1 ಲಕ್ಷ ಪೌಂಡಿಗಿಂತ ಕಡಿಮೆ ಎಲೆಕ್ಟ್ರಿಕಲ್ ವ್ಯಾಪಾರ ಇದ್ದರೆ ಒಂದು ಶುಲ್ಕ ಕಟ್ಟಿ, ಹಳೇದನ್ನು ಪುರಸಭೆಯ ಕೇಂದ್ರಕ್ಕೆ ಒಯ್ಯಿರಿ ಅಂತ ಗಿರಾಕಿಗೆ ಹೇಳಬಹುದು. ಮೊದಲು ದೊಡ್ಡವರೂ ಶುಲ್ಕ ಕಟ್ಟಿ ನುಣುಚಿಕೊಳ್ಳುತ್ತಿದ್ದರು. 2021ರಿಂದ ಅವರಿಗೆ ಆ ಬಾಗಿಲು ಮುಚ್ಚಿತು, ಅಂಗಡಿಯಲ್ಲೇ ತೆಗೆದುಕೊಳ್ಳಬೇಕಾಯಿತು. ನನಗೆ ಇದು ನ್ಯಾಯವಾಗಿ ಕಂಡಿತು. ನಮ್ಮ ನಿಮ್ಮಂಥ ಮೂರು ಮಳಿಗೆಯ ಅಂಗಡಿಯನ್ನೂ ಮಾಲ್‌ನ ಷೋರೂಮನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಜಪಾನಿನ ದಾರಿ ಬೇರೆ. ಎಸಿ, ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಈ ನಾಲ್ಕಕ್ಕೆ 2001ರಿಂದ ಅಲ್ಲಿ ಪ್ರತ್ಯೇಕ ಕಾನೂನು. ತಾನು ಹಿಂದೆ ಮಾರಿದ್ದನ್ನು, ಇಲ್ಲವೇ ಹೊಸದು ಮಾರುವಾಗ ಹಳೇದನ್ನು ಅಂಗಡಿಯವನು ತಗೋಬೇಕು. ಮರುಬಳಕೆಯ ಖರ್ಚನ್ನು ಗಿರಾಕಿ ಎಸೆಯುವ ಹೊತ್ತಿಗೆ ಕೊಡುತ್ತಾನೆ. ನಮ್ಮೂರಲ್ಲಿ ಹಳೇ ಟಿವಿ ಕೊಡೋಕೆ ನೀವೇ ದುಡ್ಡು ಕೊಡಿ ಅಂದರೆ ಮಾರನೇ ದಿನ ಕೆರೆ ಏರಿ ಮೇಲೆ ಟಿವಿ ಕೂತಿರುತ್ತದೆ.

ಹಿಂದೆ ಕೂತಿದ್ದ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. 'ಡಬ್ಬ ಇಡ್ತೀವಿ ಸಾರ್, ತುಂಬಿದ ಮೇಲೆ ತಗೊಂಡು ಹೋಗೋಕೆ ಯಾರು ಬರ್ತಾರೆ?' ಇಡೀ ಸಮಸ್ಯೆ ಈ ಒಂದು ಪ್ರಶ್ನೆಯಲ್ಲಿದೆ. ನಮ್ಮ ಬ್ಯಾಟರಿ ನಿಯಮ 2026-27ರಿಂದ ಸಣ್ಣ ಬ್ಯಾಟರಿಯ ತೂಕದಲ್ಲಿ ಶೇ 90ರಷ್ಟು ವಸ್ತುವನ್ನು ಮರಳಿ ತೆಗೆಯಬೇಕು ಅಂತ ಮರುಬಳಕೆ ಘಟಕಕ್ಕೆ ಹೇಳುತ್ತದೆ. ತೆಗೆಯುತ್ತಾರೆ, ಯಂತ್ರ ಇದೆ. ಅವರ ಬಾಗಿಲಿಗೆ ಆ ಸೆಲ್ಲು ಹೋಗಬೇಕಲ್ಲ? ಬಳಕೆದಾರರು ಹಳೇ ಬ್ಯಾಟರಿಯನ್ನು ಮನೆಯ ಕಸದಲ್ಲಿ ಬೆರೆಸಬಾರದು, ಬೇರೆ ಇಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಬೇರೆ ಇಟ್ಟು ಯಾರಿಗೆ ಕೊಡಬೇಕು? 2016ರ ಘನತ್ಯಾಜ್ಯ ನಿಯಮ ಬಳಸಿದ ಬ್ಯಾಟರಿ, ಸಿಎಫ್‌ಎಲ್, ಟ್ಯೂಬ್‌ಲೈಟನ್ನು ಮನೆಯ ಅಪಾಯಕಾರಿ ಕಸ ಅಂತ ಕರೆದು, 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ಮಾಡಿ ಅಂತ ಸ್ಥಳೀಯ ಸಂಸ್ಥೆಗೆ ಹೇಳಿತ್ತು. ನಿಮ್ಮೂರಿನದು ಎಲ್ಲಿದೆ ಅಂತ ಕೇಳಿದರೆ ನೀವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ.

ಅದು ಬರುವವರೆಗೆ ನಮ್ಮ ಕೈಲಾದ ಕೆಲವು ಕೆಲಸ ಹೇಳುತ್ತೇನೆ. ಇನ್ವರ್ಟರ್, ಗಾಡಿ ಬ್ಯಾಟರಿಯನ್ನು ನೇರವಾಗಿ ನಿಲ್ಲಿಸಿಡಿ, ಅಡಿಗೆ ಪ್ಲಾಸ್ಟಿಕ್ ಟ್ರೇ ಇರಲಿ, ಬೂಚು ತೆಗೆಯಬೇಡಿ, ನೀರು ಚೆಲ್ಲಬೇಡಿ. ಟೆಂಪೊದವನು ಎರಡು ರೂಪಾಯಿ ಜಾಸ್ತಿ ಕೊಟ್ಟರೂ ಅವನಿಗೆ ಕೊಡಬೇಡಿ. ಮರುಬಳಕೆ ಘಟಕದವರು ಅಂತ ಯಾರಾದರೂ ಬಂದರೆ ನೋಂದಣಿ ಸಂಖ್ಯೆ ಕೇಳಿ, ಮಂಡಳಿಯ ಪೋರ್ಟಲ್‌ನಲ್ಲಿ ನೋಡಿ, ಬಿಲ್ಲಿನಲ್ಲಿ ತೂಕ ಬರೆಸಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ನಿಮ್ಮನ್ನು ಉಳಿಸುವುದು ಆ ಹಾಳೆ.

ಸಣ್ಣವಕ್ಕೆ ಬಂದರೆ, ತಗಡಿನ ಡಬ್ಬ ಬೇಡವೇ ಬೇಡ, ಪ್ಲಾಸ್ಟಿಕ್ ಬಕೆಟ್ ಇರಲಿ. ಮೈಕ್ ಸೆಟ್ಟಿಗೆ ಹಾಕುವ 9 ವೋಲ್ಟಿನ ಚೌಕ ಬ್ಯಾಟರಿ ಇದೆಯಲ್ಲ, ಅದರ ಎರಡು ಗುಂಡಿಯೂ ತಲೆ ಮೇಲೇ ಇರುತ್ತವೆ. ಒಂದು ಪಿನ್ನು ಎರಡಕ್ಕೂ ತಾಗಿದರೆ ಸಾಕು, ಕಾದು ಪಕ್ಕದ ಕಾಗದ ಹೊತ್ತಿಕೊಳ್ಳಬಹುದು. ಗುಂಡಿಗಳ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಹಾಕಿ. ಬಟನ್ ಸೆಲ್ಲಿಗೂ ಟೇಪು, ಮತ್ತೆ ಮಗುವಿನ ಕೈಗೆ ಸಿಗದ ಜಾಗ. ನುಂಗಿದರೆ ಗಂಟಲಲ್ಲೇ ಸುಡುತ್ತದೆ. ಮೊಬೈಲ್ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿದ್ದರೆ ಬಕೆಟಿಗೆ ಹಾಕಬೇಡಿ, ಒತ್ತಬೇಡಿ, ಹೊರಗೆ ಒಣ ಮರಳಿನ ಪಾತ್ರೆಯಲ್ಲಿ ಬೇರೆ ಇಡಿ. ಟ್ಯೂಬ್‌ಲೈಟನ್ನು ಹೊಸದು ಬಂದ ರಟ್ಟಿನಲ್ಲೇ ತೂರಿಸಿ ನಿಲ್ಲಿಸಿ.

ಇಷ್ಟೆಲ್ಲ ಹೇಳುವ ನಾನು ಏನು ಮಾಡಿದೆ ಅಂತ ಕೇಳುತ್ತೀರಿ. ರೆಡಿಂಗ್‌ನಿಂದ ಬಂದ ಮೇಲೆ ಪೇಂಟಿನ 20 ಲೀಟರ್ ಬಕೆಟ್ ತೊಳೆದು, ಮುಚ್ಚಳದಲ್ಲಿ ತೂತು ಕೊರೆದು, ಕೌಂಟರಿನ ಪಕ್ಕ ಇಟ್ಟೆ. ಮೊದಲ ವಾರ ಅದರಲ್ಲಿ ಬಿದ್ದದ್ದು ಎರಡು ಬಸ್ ಟಿಕೆಟ್, ಒಂದು ಬಾಳೆಹಣ್ಣಿನ ಸಿಪ್ಪೆ. ಆಮೇಲೆ ಪೆನ್ಸಿಲ್ ಸೆಲ್ ಕೊಳ್ಳುವವರನ್ನೂ ಕೇಳಲು ಶುರು ಮಾಡಿದೆ, 'ಹಳೇದು ತಂದಿದೀರಾ?' ಒಬ್ಬರು 'ಎಷ್ಟು ಕೊಡ್ತೀರಾ' ಅಂದರು. ಏನೂ ಇಲ್ಲ ಅಂದಾಗ ನನ್ನನ್ನು ಒಂಥರಾ ನೋಡಿ ಹೋದರು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ತಮ್ಮ ಕಿವಿ ಯಂತ್ರದ ಗುಂಡು ಸೆಲ್ಲುಗಳನ್ನು ಪೋಸ್ಟ್ ಕವರಿನಲ್ಲಿ ಹಾಕಿ, ಮೇಲೆ ತಿಂಗಳು ಬರೆದು, ತಪ್ಪದೆ ತಂದುಕೊಡುತ್ತಾರೆ.

ಹೋದ ವರ್ಷದ ಬಿಲ್ ಪುಸ್ತಕ ತೆಗೆದು ತೂಕ ಹಾಕಿ ನೋಡಿದೆ. ನಾನು ಮಾರಿದ ಸೆಲ್ಲು 40 ಕೆಜಿ ದಾಟಿತ್ತು. ಇದೇ ಅಂಗಡಿ ರೆಡಿಂಗ್‌ನಲ್ಲಿ ಇದ್ದಿದ್ದರೆ ಡಬ್ಬ ಇಡದೆ ವಿಧಿಯಿರಲಿಲ್ಲ. ಬಕೆಟಿಗೆ ವಾಪಸ್ ಬಂದದ್ದು ಆರು ಕೆಜಿ ಚಿಲ್ಲರೆ. ನನಗೆ ಸೆಲ್ಲು ಕೊಡುವ ಏಜೆನ್ಸಿಯವರಿಗೆ ಫೋನ್ ಮಾಡಿ ಒಯ್ಯಿರಿ ಅಂದರೆ 'ಅದು ನಮ್ಮ ಲೈನ್ ಅಲ್ಲ' ಅಂದರು. ಬೆಂಗಳೂರಿನ ನೋಂದಾಯಿತ ಘಟಕವೊಂದರ ಜೊತೆ ಮಾತಾಡಿದ್ದೇನೆ. ಆರು ಕೆಜಿಗೆ ಅವರು ಗಾಡಿ ಕಳಿಸುವುದಿಲ್ಲ, ತಂದುಕೊಟ್ಟರೆ ರಶೀದಿ ಕೊಡುತ್ತಾರಂತೆ. ಬರುವ ಗುರುವಾರ ನಮ್ಮ ಲೋಡ್ ವ್ಯಾನು ಖಾಲಿ ಬೆಂಗಳೂರಿಗೆ ಹೋಗುತ್ತಿದೆ. ನಿಮ್ಮ ಅಂಗಡಿಯಲ್ಲಿ ಇರುವುದನ್ನು ಟೇಪ್ ಸುತ್ತಿ, ಬುಧವಾರ ಸಂಜೆಯೊಳಗೆ ತಂದು ಕೊಡಿ. ಡೀಸೆಲ್ ನನ್ನದು. ಡ್ರೈವರ್ ಟೀ ಕಾಸನ್ನು ನೀವು ಹಂಚಿಕೊಳ್ಳಿ.